ಹಾರ್ಮ್ಸ್ ಮಾಡಿದ ಹೀಲಿಯಂ

ನಾನು ಡಾಕ್ಟರೇಟ್ ಮಾಡಿದ್ದು ಹೀಲಿಯಂ ಪರಮಾಣುವಿನ ಮೇಲೆ. ಹಾಗಾಗಿ ಹಿತ್ತಾಳೆಯಲ್ಲಿ ಹೀಲಿಯಂ ಮಾಡಿಸುವ ಕೆಲಸವೂ ನನ್ನ ತಲೆಗೇ ಬಂತು.

೧೯೨೫ರ ಜನವರಿಯ ಚಳಿಗಾಲ. ಜರ್ಮನಿಯ ಗಾಟಿಂಗೆನ್‌ನಲ್ಲಿ ನಮ್ಮ ಪುಟ್ಟ ಭೌತವಿಜ್ಞಾನ ಸಂಸ್ಥೆಗೆ ಹೊಸ ಉಪನ್ಯಾಸ ಭವನ ಕಟ್ಟುತ್ತಿದ್ದರು. ನಮ್ಮ ಪ್ರೊಫೆಸರ್ ವೀಗಾಂಡ್ ಅವರಿಗೆ ಒಂದೇ ಹಟ: ಬಾಗಿಲು ದಾಟಿ ಒಳಗೆ ಬಂದವರಿಗೆ ಎದುರಿಗೇ ಒಂದು ಪರಮಾಣು ಕಾಣಬೇಕು. ಆಳೆತ್ತರ ಇರಬೇಕು, ಹಿಡಿ ತಿರುಗಿಸಿದರೆ ಎಲೆಕ್ಟ್ರಾನುಗಳು ಸುತ್ತಬೇಕು. ಅದಕ್ಕೆಂದೇ ವೇದಿಕೆಯ ಪಕ್ಕದ ಗೋಡೆಯಲ್ಲಿ ದೊಡ್ಡ ಗೂಡು ಬಿಡಿಸಿದ್ದರು.

"ಹೈಡ್ರೋಜನ್ ಬೇಡ, ಅಡೆಲೆ. ಅದು ಎಲ್ಲರ ಹತ್ತಿರಾನೂ ಇದೆ. ಹೀಲಿಯಂ ಮಾಡಿಸು," ಅಂದರು. "ನಿನ್ನಷ್ಟು ಅದರ ಹಿಂದೆ ಅಲೆದವರು ಈ ಊರಲ್ಲಿ ಇನ್ಯಾರಿದ್ದಾರೆ?"

ಅಲೆದದ್ದು ನಿಜ. ಹೀಲಿಯಂನ ನಡುವೆ ಒಂದು ಬೀಜ, ಸುತ್ತ ಎರಡು ಎಲೆಕ್ಟ್ರಾನು. ಸೂರ್ಯನ ಸುತ್ತ ಗ್ರಹಗಳು ತಿರುಗಿದ ಹಾಗೆ ಅವು ತಿರುಗುತ್ತವೆ ಎಂದು ನಾವೆಲ್ಲ ನಂಬಿದ್ದ ಕಾಲ ಅದು. ಆ ಎರಡರ ಕಕ್ಷೆಗಳು ಹೇಗಿದ್ದರೆ ಹೀಲಿಯಂ ಸೂಸುವ ಬೆಳಕಿನ ಬಣ್ಣಗಳು ಲೆಕ್ಕಕ್ಕೆ ಸರಿಹೋಗುತ್ತವೆ ಎಂದು ವರ್ಷಗಟ್ಟಲೆ ಕೂತು ಲೆಕ್ಕ ಹಾಕಿದ್ದೆ. ಸರಿಹೋಗಿರಲಿಲ್ಲ. ಹತ್ತಿರ ಬಂದಿತ್ತು, ಅಷ್ಟೇ. ಹತ್ತಿರ ಬಂದದ್ದಕ್ಕೇ ಡಾಕ್ಟರೇಟ್ ಕೊಟ್ಟಿದ್ದರು.

ಯುಸ್ಟಸ್ ಹಾರ್ಮ್ಸ್ ಅವರ ಕಾರ್ಖಾನೆ ಲೈನೆ ಹೊಳೆಯ ಕಾಲುವೆಗೆ ಅಂಟಿಕೊಂಡ ಗಲ್ಲಿಯಲ್ಲಿತ್ತು. ಕೆಳಗೆ ಲೇತು, ಮೇಲೆ ಮನೆ. ಅಳತೆಯ ಉಪಕರಣ ಮಾಡುವವರಿಗೆ ನಮ್ಮೂರಲ್ಲಿ ಬರವಿರಲಿಲ್ಲ. ಆದರೆ ತಿರುಗುವ ಗ್ರಹಮಂಡಲ ಮಾಡುವವರು ಅವರೊಬ್ಬರೇ ಉಳಿದಿದ್ದರು, ಆ ಜಂಬವೂ ಅವರಿಗೆ ಚೆನ್ನಾಗಿಯೇ ಇತ್ತು. ದಪ್ಪ ಮೀಸೆ, ತೊಗಲಿನ ಏಪ್ರನ್ನು, ಕಿವಿ ಸ್ವಲ್ಪ ಮಂದ. ನನ್ನ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಅದರ ನಾಲ್ಕು ಮೂಲೆಗೂ ಸುತ್ತಿಗೆ, ಇಕ್ಕಳ ಏನೇನೋ ಹೇರಿಟ್ಟು, ತುಂಬ ಹೊತ್ತು ನೋಡಿದರು.

"ಇಷ್ಟೇನಾ? ಗುರುಗ್ರಹಕ್ಕೇ ನಾನು ಇದಕ್ಕಿಂತ ಜಾಸ್ತಿ ಚಂದ್ರರನ್ನ ಕೂರಿಸಿದ್ದೀನಿ, ಡಾಕ್ಟರಮ್ಮ."

"ಇನ್ನೊಂದು ಇದೆ, ಮೇಸ್ತ್ರಿಗಳೇ. ಈ ಎಲೆಕ್ಟ್ರಾನು ಆಗಾಗ ಒಳಗಿನ ದಾರಿಯಿಂದ ಹೊರಗಿನ ದಾರಿಗೆ ಹಾರಬೇಕು."

"ಹಾರಿಸೋಣ. ಒಂದು ಸ್ಪ್ರಿಂಗ್ ಹಾಕಿ ಜಾರೋ ಹಾಗೆ ಮಾಡಿದ್ರಾಯ್ತು."

"ಜಾರೋ ಹಾಗಿಲ್ಲ. ಮಧ್ಯದಲ್ಲಿ ಅದು ಇರೋದೇ ಇಲ್ಲ. ಈಗ ಒಳಗಿನ ದಾರೀಲಿದೆ, ಆಮೇಲೆ ಹೊರಗಿನ ದಾರೀಲಿದೆ. ಅಷ್ಟೇ."

ಹಾರ್ಮ್ಸ್ ಕಿವಿಗೆ ಕೈ ಅಡ್ಡ ಹಿಡಿದರು. ಇನ್ನೊಂದು ಸಲ ಹೇಳಿದೆ, ಜೋರಾಗಿ.

"ಕೇಳಿಸ್ತು, ಕೇಳಿಸ್ತು. ಇಲ್ಲಿಂದ ಹೊರಟಿದ್ದು ಅಲ್ಲಿಗೆ ಮುಟ್ಟೋವರೆಗೆ ಎಲ್ಲಿರುತ್ತೆ ಅಂತ ನಾನು ಕೇಳ್ತಿರೋದು."

"ಎಲ್ಲೂ ಇರಲ್ಲ."

"ಅದನ್ನ ಯಾರು ನೋಡಿದ್ದಾರೆ?"

"ಯಾರೂ ನೋಡಿಲ್ಲ. ಹಾಗಂತ ಇಟ್ಕೊಂಡ್ರೆ ಬೆಳಕಿನ ಲೆಕ್ಕ ಸರಿಹೋಗುತ್ತೆ."

ಅವರ ಹೆಂಡತಿ ಮಿನ್ನಾ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಏನ್ರೀ, ನೀವು ಹೋಟ್ಲಿಂದ ಮನೆಗೆ ಬರೋವಾಗಲೂ ಇದೇ ಕತೆ ತಾನೇ? ಅಲ್ಲಿಂದ ಹೊರಟು ಸುಮಾರು ಹೊತ್ತಾಗಿರುತ್ತೆ, ಇಲ್ಲಿಗೆ ಬಂದಿರಲ್ಲ, ಮಧ್ಯೆ ಎಲ್ಲೂ ಇರಲ್ಲ!" ಅಂದಳು. ಹಾರ್ಮ್ಸ್‌ಗೆ ನಗು ಬರಲಿಲ್ಲ. ನಕ್ಷೆ ಮಡಿಸಿ, ಒಂದು ವಾರ ಬಿಟ್ಟು ಬನ್ನಿ ಎಂದರು.

ಮತ್ತೆ ಹೋದಾಗ ಉಪಾಯ ಹುಡುಕಿಟ್ಟಿದ್ದರು. ಹಾರಬೇಕಾದ ಎಲೆಕ್ಟ್ರಾನಿಗೆ ಒಳಗೊಂದು, ಹೊರಗೊಂದು ಉಂಗುರ; ಎರಡರ ಮೇಲೂ ಒಂದೊಂದು ಗುಂಡು. ಪ್ರತಿ ಗುಂಡಿಗೂ ಕಪ್ಪು ತಗಡಿನ ಮುಚ್ಚಳ. ಒಂದರ ಮುಚ್ಚಳ ಮುಚ್ಚಿದ ಕ್ಷಣಕ್ಕೇ ಇನ್ನೊಂದರದು ತೆರೆಯುತ್ತದೆ. ನೋಡುವವರಿಗೆ ಇಲ್ಲಿದ್ದದ್ದು ಅಲ್ಲಿಗೆ ಹಾರಿದ ಹಾಗೆಯೇ ಕಾಣುತ್ತದೆ. ನಾನು ಚಪ್ಪಾಳೆ ತಟ್ಟಿದೆ. "ಇದು ಮೋಸ," ಅಂದರು ಹಾರ್ಮ್ಸ್. "ನೀವು ಹೇಳಿದ್ದನ್ನ ಮೋಸ ಇಲ್ದೆ ಮಾಡೋಕಾಗಲ್ಲ. ಅದನ್ನ ನಿಮ್ಮ ಪ್ರೊಫೆಸರ್‌ಗೆ ಹೇಳಿ."

ವಸಂತ ಬರುವ ಹೊತ್ತಿಗೆ ಎರಡು ಬಾರಿ ಕೆಲಸ ಕೆಡವಿಸಿದೆ. ಮೊದಲು ಎರಡೂ ಕಕ್ಷೆಗಳು ಒಂದೇ ಮಟ್ಟದಲ್ಲಿದ್ದವು. ಆಮೇಲೆ ಒಂದಕ್ಕೊಂದು ಓರೆಯಾಗಿರಬೇಕು ಎಂದು ವೀಗಾಂಡ್ ಹೇಳಿದರು, ನಾನು ಅದನ್ನು ಗಲ್ಲಿಗೆ ಹೊತ್ತು ತಂದೆ. ಆಮೇಲೆ ದುಂಡಗೆ ಬೇಡ, ಮೊಟ್ಟೆಯಾಕಾರ ಇರಲಿ ಎಂದರು. ಪ್ರತಿ ಸಲವೂ ಹಾರ್ಮ್ಸ್ ಅರ ತೆಗೆದುಕೊಂಡು ಬೇರೆ ಯಾವುದೋ ತುಂಡನ್ನು ಉಜ್ಜತೊಡಗುತ್ತಿದ್ದರು. ಮಿನ್ನಾ ನನ್ನನ್ನು ಮೇಲಕ್ಕೆ ಕರೆದು ಪ್ಲಮ್ ಕೇಕಿನ ಚೂರು ಕೊಡುತ್ತಿದ್ದಳು. "ಬೇಜಾರು ಮಾಡ್ಕೋಬೇಡ ಮಗಳೇ. ನಿನ್ನ ಮೇಲಲ್ಲ ಅವರ ಕೋಪ. ಆ ಹೀಲಿಯಂ ಮೇಲೆ."

ಆ ಜುಲೈ ತಿಂಗಳಲ್ಲಿ ನಮ್ಮೂರಿನ ವಿಜ್ಞಾನಿಗಳ ಬಾಯಲ್ಲಿ ಒಂದೇ ಸುದ್ದಿ. ನನಗಿಂತ ಚಿಕ್ಕ ವಯಸ್ಸಿನ ಒಬ್ಬ, ನಮ್ಮೂರಲ್ಲೇ ಕೆಲಸ ಮಾಡುತ್ತಿದ್ದವನು, ಹೊಸದೊಂದು ಲೆಕ್ಕದ ಕ್ರಮ ಕಂಡುಹಿಡಿದಿದ್ದ. ಎಲೆಕ್ಟ್ರಾನು ಸುತ್ತುವುದನ್ನು ಯಾರೂ ಕಂಡಿಲ್ಲ; ಕಾಣದ ಕಕ್ಷೆಯ ಮಾತೇ ಬೇಡ; ಪರಮಾಣುವಿನಿಂದ ಹೊರಬರುವ ಬೆಳಕಿನ ಬಣ್ಣ ಯಾವುದು, ತೀಕ್ಷ್ಣತೆ ಎಷ್ಟು, ಅಷ್ಟನ್ನೇ ಕೋಷ್ಟಕ ಮಾಡಿ ಲೆಕ್ಕ ಹಾಕೋಣ ಎನ್ನುವುದು ಅದರ ಸಾರ. ಮೊದಲು ಎಲ್ಲರೂ ನಕ್ಕರು. ಆಮೇಲೆ ಲೆಕ್ಕ ಸರಿಬರತೊಡಗಿತು, ನಗು ನಿಂತಿತು.

ವೀಗಾಂಡ್ ನನ್ನನ್ನು ಕರೆಸಿದರು. ಕುರ್ಚಿಯಲ್ಲಿ ಕೂತೂ ಕೂರದ ಹಾಗೆ ಇದ್ದರು. "ಮಾದರಿ ಕೆಲಸ ನಿಲ್ಲಿಸಮ್ಮ."

"ಯಾವ ಕಕ್ಷೆ ಬದಲಾಯಿಸಬೇಕು, ಸರ್?"

"ಕಕ್ಷೆಯೇ ಇಲ್ಲವಂತೆ."

"ಅಂದ್ರೆ ಎಲೆಕ್ಟ್ರಾನು ಹೇಗೆ ಸುತ್ತುತ್ತೆ?"

"ಸುತ್ತುತ್ತೆ ಅಂತ ಹೇಳೋ ಹಾಗಿಲ್ಲವಂತೆ."

"ನಿಂತಿರುತ್ತಾ?"

"ಹಾಗೂ ಹೇಳೋ ಹಾಗಿಲ್ಲ." ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನನ್ನನ್ನ ಯಾಕೆ ಕೇಳ್ತೀಯ? ನಾನೂ ನಿನ್ನ ಹಾಗೇ ಓದ್ತಾ ಇದ್ದೀನಿ."

ಅಲ್ಲಿಂದ ಹೊರಟವಳು ಊರ ಸುತ್ತಲ ಹಳೆಯ ಕೋಟೆದಿಬ್ಬದ ಮೇಲೆ, ಲಿಂಡನ್ ಮರಗಳ ಕೆಳಗೆ, ಒಂದು ಸುತ್ತು ನಡೆದೆ. ಮತ್ತೊಂದು ಸುತ್ತು ನಡೆದೆ. ನನ್ನ ಲೆಕ್ಕ ತಪ್ಪಾಗಿದೆ ಎಂದಿದ್ದರೆ ನೋವಾಗುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. ಇಲ್ಲದ ದಾರಿಯ ಉದ್ದ ಅಳೆದಿದ್ದೀಯ ಎಂದರೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ದಾರಿಯೇ ಇಲ್ಲದಿದ್ದರೆ ನನ್ನ ಉತ್ತರ ಅಷ್ಟು ಹತ್ತಿರಕ್ಕಾದರೂ ಹೇಗೆ ಬಂತು? ಇದನ್ನು ಯಾರನ್ನು ಕೇಳಬೇಕು ಎಂದು ಕೂಡ ಹೊಳೆಯಲಿಲ್ಲ. ಪಕ್ಕದಲ್ಲಿ ದಾದಿಯರು ತಳ್ಳುಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಗಾಲಿಗಳನ್ನೇ ನೋಡುತ್ತ ನಿಂತೆ.

ಮಾರನೆಯ ದಿನ ಹಾರ್ಮ್ಸ್ ಬಾಗಿಲಲ್ಲೇ ಕಾಯುತ್ತಿದ್ದರು. ಮೀಸೆ ಬಾಚಿಕೊಂಡಿದ್ದರು. ಒಳಗೆ ಕರೆದೊಯ್ದು, ಬಟ್ಟೆ ಸರಿಸಿ, "ತಿರುಗಿಸಿ" ಎಂದು ಹಿಡಿ ತೋರಿಸಿದರು.

ಪೂರ್ತಿ ಮುಗಿದಿತ್ತು. ನಾನು ತಿರುಗಿಸಿದೆ. ಓರೆಯಾಗಿ ಹೆಣೆದ ಮೊಟ್ಟೆಯಾಕಾರದ ಉಂಗುರಗಳ ಮೇಲೆ ಎರಡು ಗುಂಡುಗಳು ಒಂದನ್ನೊಂದು ತಪ್ಪಿಸಿಕೊಂಡು ಓಡಿದವು. ಬೀಜದ ಹತ್ತಿರ ಬಂದಾಗ ಚುರುಕಾಗಿ, ದೂರ ಹೋದಾಗ ನಿಧಾನವಾಗಿ. ಮುಚ್ಚಳ ಟಪ್ ಎಂದಿತು, ಒಂದು ಗುಂಡು ಹೊರಗಿನ ಉಂಗುರಕ್ಕೆ ಹಾರಿತು. ಕಾಗದದ ಮೇಲೆ ವರ್ಷಗಟ್ಟಲೆ ಕಂಡ ಹೀಲಿಯಂ ಕಣ್ಣೆದುರಿಗೆ ತಿರುಗುತ್ತಿತ್ತು. ಅಷ್ಟು ಚೆಂದದ ವಸ್ತುವನ್ನು ನಾನು ಆಮೇಲೂ ನೋಡಿಲ್ಲ.

ಹೇಳಲೇಬೇಕಾಯಿತು, ಹೇಳಿದೆ.

ಹಾರ್ಮ್ಸ್ ಅರ ಹುಡುಕಲಿಲ್ಲ. ಸ್ಟೂಲಿನ ಮೇಲೆ ಕೂತರು. "ಹಾಗಾದ್ರೆ ಒಳಗೆ ಏನಿದೆ?"

"ಗೊತ್ತಿಲ್ಲ. ಕೋಷ್ಟಕ ಇದೆ."

"ಕೋಷ್ಟಕ ನಿಮ್ಮ ಕಾಗದದಲ್ಲಿರುತ್ತೆ. ಪರಮಾಣು ಒಳಗೆ ಏನಿದೆ ಅಂದೆ."

"ಅದನ್ನ ಕೇಳಬಾರದು ಅಂತಾರೆ."

"ಯಾರು ಅನ್ನೋದು? ನಡೀರಿ." ಏಪ್ರನ್ ಬಿಚ್ಚಿ ಕೋಟು ಹಾಕಿಕೊಂಡರು. ನಾನು ಬೇಡ ಬೇಡ ಎನ್ನುತ್ತಿದ್ದರೂ ನೇರ ವೀಗಾಂಡ್ ಅವರ ಮನೆಗೇ ನಡೆದರು.

ವೀಗಾಂಡ್ ಹಿತ್ತಿಲಲ್ಲಿ ನೆಲ್ಲಿಯಂಥ ಹುಳಿಹಣ್ಣು ಬಿಡಿಸುತ್ತಿದ್ದರು. ಹಾರ್ಮ್ಸ್ ಟೋಪಿ ತೆಗೆಯುವುದನ್ನೂ ಮರೆತು ಶುರು ಮಾಡಿದರು. "ಪ್ರೊಫೆಸರ್ರೇ, ಒಂದು ಮಾತು ಹೇಳಿಬಿಡಿ. ನಾನು ಮಾಡಿದ್ದು ತಪ್ಪಾ, ನೀವು ಹೇಳಿದ್ದು ತಪ್ಪಾ?"

ಬೈಯುತ್ತಾರೆಂದು ನಾನು ಹೆದರಿದ್ದೆ. ವೀಗಾಂಡ್ ಹಣ್ಣಿನ ಬುಟ್ಟಿಯನ್ನು ಹಾರ್ಮ್ಸ್ ಕೈಗೆ ಕೊಟ್ಟು, ಬೆಂಚಿನ ಮೇಲೆ ಜಾಗ ಮಾಡಿದರು. "ಕೂತ್ಕೊಳ್ಳಿ. ನನಗೆ ನಿದ್ದೆ ಕೆಡಿಸಿದ್ದು ಒಂದೇ ಸಂಗತಿ, ಹಾರ್ಮ್ಸ್. ಈ ಹೊಸ ಲೆಕ್ಕದಲ್ಲಿ ಎಲೆಕ್ಟ್ರಾನು ಇರೋ ಜಾಗವನ್ನ ವೇಗದಿಂದ ಗುಣಿಸಿದ್ರೆ ಒಂದು ಉತ್ತರ. ವೇಗವನ್ನ ಜಾಗದಿಂದ ಗುಣಿಸಿದ್ರೆ ಬೇರೆ ಉತ್ತರ."

"ಎರಡ ಮೂರಲಿ ಆರು, ಮೂರ ಎರಡಲಿ ಏಳು ಅಂದ ಹಾಗಾಯ್ತಲ್ಲ!"

"ಹಾಗೇ."

ಹಾರ್ಮ್ಸ್ ಹಣ್ಣು ಬಾಯಿಗೆ ಹಾಕಿಕೊಂಡು, ಹುಳಿಗೆ ಮುಖ ಕಿವುಚಿ, ಯೋಚನೆ ಮಾಡಿದರು. "ತಗಡಿಗೆ ಮೊದಲು ತೂತು ಕೊರೆದು ಆಮೇಲೆ ಬಗ್ಗಿಸಿದ್ರೆ ಒಂಥರಾ. ಬಗ್ಗಿಸಿ ಆಮೇಲೆ ಕೊರೆದ್ರೆ ಇನ್ನೊಂಥರಾ. ಹಾಗೇನಾದ್ರೂ ಇರಬಹುದಾ?"

ವೀಗಾಂಡ್ ಮುಖ ಅರಳಿತು. ಎದ್ದು ಎರಡು ಹೆಜ್ಜೆ ನಡೆದರು, ಮತ್ತೆ ಪೆಚ್ಚಾದರು. "ಆದ್ರೆ ಕೊರೆಯೋದು, ಬಗ್ಗಿಸೋದು ನೀವು ಮಾಡೋ ಕೆಲಸ. ಜಾಗ, ವೇಗ ಅನ್ನೋದು ಎಲೆಕ್ಟ್ರಾನಿಗೆ ಇರೋ ಗುಣ. ಇಲ್ಲಿ ಯಾರು ಯಾರಿಗೆ ಏನು ಮಾಡ್ತಿದ್ದಾರೆ?"

"ಅದು ನಂಗೆ ಹೇಗೆ ಗೊತ್ತಾಗ್ಬೇಕು?"

"ನಂಗೂ ಗೊತ್ತಿಲ್ಲ," ಅಂದರು ವೀಗಾಂಡ್.

ಆ ಸಂಜೆಯ ತನಕ ಇಬ್ಬರೂ ಬುಟ್ಟಿ ಖಾಲಿ ಮಾಡುತ್ತ ಅಲ್ಲೇ ಕೂತಿದ್ದರು. ಅವತ್ತಿನಿಂದ ಅವರ ನಡುವೆ ಒಂದು ಬಗೆಯ ಸ್ನೇಹ ಬೆಳೆಯಿತು. ವೀಗಾಂಡ್ ಹೊಸದೇನಾದರೂ ಓದಿದರೆ ಗಲ್ಲಿಗೆ ಬಂದು ಲೇತಿನ ಪಕ್ಕ ನಿಂತು ಹೇಳುವರು. ಹಾರ್ಮ್ಸ್ ಅದನ್ನು ಅಡ್ಡಡ್ಡ ಸೀಳಿ ಪ್ರಶ್ನೆ ಕೇಳುವರು. ಹಲವು ಸಲ ಹಾರ್ಮ್ಸ್ ಪೂರ್ತಿ ತಪ್ಪು ತಿಳಿದುಕೊಂಡು ಕೂಗಾಡುತ್ತಿದ್ದರು. ಬೀಜದೊಳಗೆ ಯಾವುದೋ ಸ್ಪ್ರಿಂಗ್ ಇದ್ದೇ ಇದೆ, ನೀವು ಕಂಡುಹಿಡಿದಿಲ್ಲ ಅಷ್ಟೇ ಎನ್ನುವುದು ಅವರ ಗಟ್ಟಿ ನಂಬಿಕೆ. ಅದನ್ನು ಅವರ ತಲೆಯಿಂದ ತೆಗೆಯಲು ನಮ್ಮಿಬ್ಬರಿಂದಲೂ ಆಗಲಿಲ್ಲ.

ಮುಂದಿನ ವರ್ಷ ಹಿಮ ಕರಗುವ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಬೇರೆ ದೇಶದಲ್ಲಿದ್ದ ಒಬ್ಬ ವಿಜ್ಞಾನಿ ಎಲೆಕ್ಟ್ರಾನನ್ನು ಅಲೆಯಂತೆ ಭಾವಿಸಿ ಲೆಕ್ಕ ಹಾಕಿದ್ದರು. ಕೋಷ್ಟಕದ ಕ್ರಮ ಕೊಟ್ಟ ಉತ್ತರವನ್ನೇ ಇದೂ ಕೊಡುತ್ತಿತ್ತು. ವೀಗಾಂಡ್ ಟೋಪಿಯಿಲ್ಲದೆ ಗಲ್ಲಿಗೆ ಓಡಿಬಂದರು.

"ಹಾರ್ಮ್ಸ್! ಅಲೆ! ಗುಂಡು ಅಲ್ಲ, ಅಲೆ! ನಿಮ್ಮ ತಲೆಗೂ ಹೋಗುತ್ತೆ, ನನ್ನ ತಲೆಗೂ ಹೋಗುತ್ತೆ!"

ಆ ಕೆಲವು ತಿಂಗಳು ನಾವೆಲ್ಲ ಖುಷಿಯಾಗಿದ್ದೆವು. ಹಾರ್ಮ್ಸ್ ದುಂಡನೆಯ ಹಿತ್ತಾಳೆ ತಟ್ಟೆ ಮಾಡಿ, ನಡುವೆ ಕಂಬಕ್ಕೆ ಬಿಗಿದು, ಮೇಲೆ ನುಣ್ಣನೆ ಮರಳು ಚೆಲ್ಲಿದರು. ಅಂಚಿಗೆ ಪಿಟೀಲಿನ ಕಮಾನು ಎಳೆದರೆ ತಟ್ಟೆ ಹಾಡುತ್ತಿತ್ತು, ಮರಳು ತಾನಾಗಿ ಸರಿದು ಗೆರೆಗಳಾಗುತ್ತಿತ್ತು. ಒಂದು ಸ್ವರಕ್ಕೆ ಒಂದು ಚಿತ್ತಾರ. ನಡುವಣ ಸ್ವರಕ್ಕೆ ಏನೂ ಇಲ್ಲ. ಎಲೆಕ್ಟ್ರಾನು ಯಾಕೆ ಕೆಲವೇ ಸ್ಥಿತಿಗಳಲ್ಲಿ ಇರುತ್ತದೆ ಎನ್ನುವುದು ಮೊದಲ ಬಾರಿಗೆ ಕೈಗೆ ಸಿಕ್ಕಿದಂತಾಯಿತು. ಮಿನ್ನಾ ಮಾತ್ರ, "ಸೂಪಿನಲ್ಲಿ ಮರಳು, ಹಾಸಿಗೇಲಿ ಮರಳು. ಉಂಗುರಗಳೇ ವಾಸಿಯಾಗಿತ್ತು" ಎಂದು ಗೊಣಗುತ್ತಿದ್ದಳು.

"ಇದು ಹೈಡ್ರೋಜನ್ ತಾನೇ, ಒಂದೇ ಎಲೆಕ್ಟ್ರಾನಿಂದು?" ಹಾರ್ಮ್ಸ್ ಒಂದು ದಿನ ಕೇಳಿದರು. "ನಮ್ಮ ಹೀಲಿಯಂಗೆ ಎರಡು ತಟ್ಟೆ ಮಾಡ್ಲಾ?"

ನಾನು ಅದನ್ನೇ ಲೆಕ್ಕ ಹಾಕಿ ಕೂತಿದ್ದೆ. "ಎರಡು ತಟ್ಟೆ ಆಗಲ್ಲ, ಮೇಸ್ತ್ರಿಗಳೇ. ಎರಡಕ್ಕೂ ಸೇರಿ ಒಂದೇ ಅಲೆ. ಅದು ಆರು ದಿಕ್ಕಿನ ಜಾಗದಲ್ಲಿರುತ್ತೆ."

"ಉದ್ದ, ಅಗಲ, ಎತ್ತರ," ಬೆರಳು ಮಡಿಸಿದರು ಹಾರ್ಮ್ಸ್. "ಇನ್ನು ಮೂರನ್ನ ಎಲ್ಲಿಂದ ತರ್ಲಿ?"

"ಅದು ಲೆಕ್ಕದ ಜಾಗ. ನಾವಿರೋ ಜಾಗ ಅಲ್ಲ."

"ನಾವಿರೋ ಜಾಗದಲ್ಲಿ ಇಲ್ದೆ ಇದ್ರೆ ಅದು ಯಾವುದರ ಅಲೆ? ನೀರಿನ ಅಲೆ ಅಂದ್ರೆ ನೀರು ಏಳುತ್ತೆ. ಇಲ್ಲಿ ಏಳೋದು ಏನು?"

ಬೇಸಿಗೆಯಲ್ಲಿ ಅದಕ್ಕೂ ಉತ್ತರ ಬಂತು, ನಮ್ಮೂರಿನಿಂದಲೇ. ಏಳುವುದು ವಸ್ತುವಲ್ಲ. ಅಲೆ ಎಲ್ಲಿ ಬಲವಾಗಿದೆಯೋ ಅಲ್ಲಿ ಎಲೆಕ್ಟ್ರಾನು ಸಿಗುವ ಸಂಭವ ಜಾಸ್ತಿ, ಅಷ್ಟೇ. ಸಿಕ್ಕಾಗ ಅದು ಪೂರ್ತಿ ಒಂದೇ ಕಡೆ ಸಿಗುತ್ತದೆ. ಸಿಗುವ ಮೊದಲು ಎಲ್ಲಿತ್ತು ಎನ್ನುವ ಪ್ರಶ್ನೆ ಮತ್ತೆ ಹಾಗೇ ಉಳಿಯಿತು. ವೀಗಾಂಡ್ ಇದನ್ನು ಓದಿದ ಮೇಲೆ ಬಹಳ ದಿನ ಗಲ್ಲಿಯ ಕಡೆ ಬರಲಿಲ್ಲ. ನಾನು ಹೋಗಿ ಹೇಳಿದಾಗ ಹಾರ್ಮ್ಸ್ ಬಟ್ಟೆಯಿಂದ ಮರಳು ಒರೆಸಿದರು.

"ಸಂಭವವನ್ನ ಯಾವ ಲೋಹದಲ್ಲಿ ಮಾಡ್ತಾರೆ, ಡಾಕ್ಟರಮ್ಮ?" ಅಂದರು. ತಮಾಷೆಯಾಗಿ ಹೇಳಿದರೋ ಬೇಸರದಿಂದ ಹೇಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ಭವನ ಮುಗಿದಿತ್ತು. ಶರತ್ಕಾಲದಲ್ಲಿ ಉದ್ಘಾಟನೆ. ಮೇಯರ್ ಬರುವವರು, ಬರ್ಲಿನ್‌ನಿಂದ ಶಿಕ್ಷಣ ಸಚಿವಾಲಯದ ಅಧಿಕಾರಿ ಬರುವವರು. ಗೋಡೆಯ ಗೂಡು ಮಾತ್ರ ಖಾಲಿ. ಅಲ್ಲೊಂದು ತಾಳೆಯ ಕುಂಡ ಇಡೋಣ ಎಂದು ವೀಗಾಂಡ್ ತೀರ್ಮಾನಿಸಿದರು.

ಉದ್ಘಾಟನೆಯ ದಿನ ಬೆಳಗ್ಗೆ ನಾನು ಭವನಕ್ಕೆ ಹೋದಾಗ ತಾಳೆಯ ಕುಂಡ ಕಾರಿಡಾರಿನಲ್ಲಿತ್ತು. ಗೂಡಿನಲ್ಲಿ ಹಿತ್ತಾಳೆಯ ಹೀಲಿಯಂ ಫಳಫಳ ಹೊಳೆಯುತ್ತಿತ್ತು. ಕೈಗಾಡಿಯಲ್ಲಿ ಹೇರಿಕೊಂಡು ಬಂದ ಹಾರ್ಮ್ಸ್ ಅದರ ಕೊನೆಯ ಸ್ಕ್ರೂ ಬಿಗಿಯುತ್ತಿದ್ದರು. ಭಾನುವಾರದ ಕರಿ ಕೋಟು ತೊಟ್ಟಿದ್ದರು.

"ಯಾರನ್ನ ಕೇಳಿ ತಂದ್ರಿ?"

"ಯಾರನ್ನ ಕೇಳ್ಬೇಕು? ಕೇಳಿದವರೆಲ್ಲ ಗೊತ್ತಿಲ್ಲ ಅಂತೀರ. ಸರಿ ಯಾವುದು ಅಂತ ಗೊತ್ತಾಗೋವರೆಗೂ ಇದಿರಲಿ. ಖಾಲಿ ಗೂಡಿಗಿಂತ ವಾಸಿ."

ಇಳಿಸಲು ಹೊತ್ತಿರಲಿಲ್ಲ. ಜನ ಬಂದು ಕೂತರು. ಮೇಯರ್ ಕಣ್ಣು ನೇರ ಅದರ ಮೇಲೆಯೇ ಬಿತ್ತು. ವೀಗಾಂಡ್ ವೇದಿಕೆ ಹತ್ತಿ, ಮಾದರಿ ನೋಡಿ ಒಂದು ಕ್ಷಣ ತಡೆದರು. ಆಮೇಲೆ ಏನೂ ಆಗದವರ ಹಾಗೆ ಭಾಷಣ ಶುರುಮಾಡಿದರು. ಧನ್ಯವಾದ, ಊರಿನ ಕೀರ್ತಿ, ಎಲ್ಲ ಮುಗಿಸಿ, "ಇದು ಹೀಲಿಯಂ ಪರಮಾಣು" ಎಂದು ಕೈ ತೋರಿಸಿದರು. ಮುಂದಿನ ಸಾಲಿನಲ್ಲಿದ್ದ ಅಧಿಕಾರಿ ಕನ್ನಡಕ ಏರಿಸಿಕೊಂಡರು.

"ನಡುವೆ ಬೀಜ. ಸುತ್ತ ಎರಡು ಎಲೆಕ್ಟ್ರಾನುಗಳು ಸುತ್ತು..."

ಅಲ್ಲಿಗೆ ನಿಂತುಬಿಟ್ಟರು. ಜನ ಕೆಮ್ಮತೊಡಗಿದರು.

"ಕ್ಷಮಿಸಿ. ಇದು ಹೀಗಿಲ್ಲ," ಅಂದರು ವೀಗಾಂಡ್. "ಹೇಗಿದೆ ಅಂತ ನನಗೆ ಗೊತ್ತಿಲ್ಲ. ಲೆಕ್ಕ ಹಾಕೋದು ಕಲ್ತಿದ್ದೀವಿ. ಯಾವುದರ ಲೆಕ್ಕ ಅಂತ ಕಲ್ತಿಲ್ಲ. ನಲವತ್ತು ವರ್ಷ ಪಾಠ ಹೇಳಿದ್ದೀನಿ, ಈಗ ಈ ಹಿಡಿ ತಿರುಗಿಸೋಕೆ ನಾಚಿಕೆಯಾಗ್ತಿದೆ."

ಯಾರೋ ನಕ್ಕರು. ತಮಾಷೆ ಎಂದುಕೊಂಡು ಇಡೀ ಸಭೆ ನಕ್ಕಿತು, ಮೇಯರ್ ಚಪ್ಪಾಳೆ ತಟ್ಟಿದರು. ವೀಗಾಂಡ್ ನಗುವವರ ಮುಖಗಳನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಮೆಲ್ಲನೆ ಇಳಿದು ಬಂದು, ಗಣ್ಯರ ಸಾಲು ದಾಟಿ, ಹಿಂದಿನ ಸಾಲಿನಲ್ಲಿ ಹಾರ್ಮ್ಸ್ ಪಕ್ಕ ಕೂತರು. ಹಾರ್ಮ್ಸ್ ಜಾಗ ಬಿಟ್ಟು ಸರಿದು ಕೂತದ್ದನ್ನು ನೋಡಿದೆ.

ಅದು ತಮಾಷೆಯಲ್ಲ ಎಂದು ಅಧಿಕಾರಿಗೆ ಊಟದ ಹೊತ್ತಿಗೆ ತಿಳಿಯಿತು. ಮುಂದಿನ ವಸಂತದಲ್ಲಿ ವೀಗಾಂಡ್ ಆರೋಗ್ಯದ ಕಾರಣ ಹೇಳಿ ನಿವೃತ್ತರಾದರು. ಅವರ ಜಾಗಕ್ಕೆ ಬಂದ ಹೊಸ ಪ್ರೊಫೆಸರ್‌ಗೆ ಇಂಥ ತಲೆನೋವುಗಳಿರಲಿಲ್ಲ. ಲೆಕ್ಕ ಸರಿಬಂದರೆ ಸಾಕು, ಮಿಕ್ಕದ್ದು ಪಾದ್ರಿಗಳ ಪಾಲು ಎನ್ನುವವರು. ಮಾದರಿಯನ್ನು ಕಾರಿಡಾರಿಗೆ ಹಾಕಿಸಿದರು. ಹುಡುಗರು ಅದಕ್ಕೆ ಟೋಪಿ ನೇತುಹಾಕತೊಡಗಿದರು.

ನಾನು ಹೊಸ ಲೆಕ್ಕ ಕಲಿತೆ. ಹೀಲಿಯಂನ ಉತ್ತರ ಈಗ ಬರೀ ಹತ್ತಿರವಲ್ಲ, ಮೊದಲು ಕನಸಿನಲ್ಲೂ ಎಣಿಸದಷ್ಟು ಚೆನ್ನಾಗಿ ಬರುತ್ತಿತ್ತು. ಬಂದ ದಿನ ಯಾರಿಗಾದರೂ ಹೇಳಬೇಕೆನಿಸಿ ಗಲ್ಲಿಗೆ ಹೋದೆ.

"ಬಂತಾ?" ಹಾರ್ಮ್ಸ್ ಕೇಳಿದರು.

"ಬಂತು."

"ಅಂದ್ರೆ ಎಲೆಕ್ಟ್ರಾನು ಏನು ಅಂತ ಗೊತ್ತಾಯ್ತು."

"ಇಲ್ಲ."

"ಮತ್ತೆ ಮುಖ ಯಾಕೆ ಹಾಗೆ ಅರಳಿದೆ?"

ನನಗೆ ನಿಜವಾಗಿಯೂ ಖುಷಿಯಾಗಿತ್ತು.

೧೯೨೮ರಲ್ಲಿ ಅಮೆರಿಕದಿಂದ, ಸ್ಕಾಟ್ಲೆಂಡ್‌ನಿಂದ ಬಂದ ವರದಿಗಳ ಮಾತು ಎಲ್ಲೆಲ್ಲೂ. ಎಲೆಕ್ಟ್ರಾನುಗಳನ್ನು ಲೋಹದ ಮೂಲಕ ಹಾಯಿಸಿದರೆ, ಬೆಳಕಿನ ಅಲೆಗಳ ಹಾಗೆ ಚಿತ್ತಾರ ಮೂಡಿಸುತ್ತವಂತೆ. ವೀಗಾಂಡ್ ಕೋಲೂರಿಕೊಂಡು ಕಾರ್ಖಾನೆಗೆ ಬಂದರು. "ನಾವೂ ಮಾಡಿ ನೋಡೋಣ. ಬೇರೆಯವರು ನೋಡಿದ್ದನ್ನ ಓದಿ ಓದಿ ಸಾಕಾಯ್ತು."

ಹಾರ್ಮ್ಸ್ ಉದ್ದನೆಯ ಹಿತ್ತಾಳೆ ಕೊಳವೆ ಮಾಡಿದರು. ಒಂದು ತುದಿಯಲ್ಲಿ ಎಲೆಕ್ಟ್ರಾನು ಹೊಮ್ಮುವ ಕಾದ ತಂತಿ, ನಡುವೆ ಬೆಳಕೂ ತೂರುವಷ್ಟು ತೆಳು ಚಿನ್ನದ ರೇಕು, ಇನ್ನೊಂದು ತುದಿಯಲ್ಲಿ ಫೋಟೋ ಪ್ಲೇಟು. ಒಳಗಿನ ಗಾಳಿಯನ್ನೆಲ್ಲ ಹೀರಬೇಕು, ಅದೇ ಕಷ್ಟ. ಇವತ್ತು ಇಲ್ಲಿ ಸೋರಿತು ಎಂದು ಮೆತ್ತಿದರೆ ನಾಳೆ ಅಲ್ಲಿ ಸೋರುವುದು. ಸಂಸ್ಥೆಯ ಹಳೆಯ ಪಂಪನ್ನು ಕೇಳಿ ತಂದೆ. ಹಾರ್ಮ್ಸ್ ಅದಕ್ಕೂ ಬೈದು ಬೈದು ಸರಿಮಾಡಿದರು.

ಎಷ್ಟೋ ಪ್ಲೇಟುಗಳು ಬರಿದಾಗಿ ಬಂದವು, ಕಪ್ಪಾಗಿ ಬಂದವು. ಕೊನೆಗೊಂದು ಮಧ್ಯಾಹ್ನ, ಮಿನ್ನಾಳ ಉಗ್ರಾಣದ ಕತ್ತಲಲ್ಲಿ ಪ್ಲೇಟು ತೊಳೆದು ಹೊರಗೆ ತಂದೆ. ಮೂವರೂ ಕಿಟಕಿಗೆ ಹಿಡಿದು ನೋಡಿದೆವು. ನಡುವೆ ದಟ್ಟ ಚುಕ್ಕೆ. ಸುತ್ತ ಉಂಗುರ. ಅದರಾಚೆ ಇನ್ನೊಂದು ಉಂಗುರ, ಮಸುಕಾಗಿ.

ವೀಗಾಂಡ್ ಉಂಗುರದ ಕಡೆ ಬೆರಳು ತೋರಿಸಿದರು. "ಅಲೆ," ಅಂದರು. "ನೋಡಿ ಹಾರ್ಮ್ಸ್, ಅಲೆ."

ಹಾರ್ಮ್ಸ್ ಒಪ್ಪಲಿಲ್ಲ. "ಜಾತ್ರೇಲಿ ಜನ ನೂಕಾಡಿದ್ರೂ ಸಾಲು ಸಾಲಾಗ್ತಾರೆ. ಇವು ಒಟ್ಟಿಗೆ ನುಗ್ಗಿ ಒಂದನ್ನೊಂದು ತಳ್ಳಿರ್ತವೆ. ಒಂದೊಂದೇ ಬಿಟ್ಟು ನೋಡಿ, ಆಮೇಲೆ ಅಲೆ ಅನ್ನಿ."

"ಬಿಡೋಣ," ಅಂದರು ವೀಗಾಂಡ್.

ತಂತಿಯ ಬಿಸಿ ತಗ್ಗಿಸಿದೆವು. ಎಲೆಕ್ಟ್ರಾನುಗಳ ಹರಿವು ಎಷ್ಟು ಕ್ಷೀಣವಾಯಿತೆಂದರೆ, ಒಂದು ಹೋಗಿ ಮುಟ್ಟಿದ ಮೇಲೆಯೇ ಇನ್ನೊಂದು ಹೊರಡಬೇಕು ಎಂದು ನನ್ನ ಲೆಕ್ಕ ಹೇಳುತ್ತಿತ್ತು. ದಿನಗಟ್ಟಲೆ ಬಿಟ್ಟೆವು. ಹಾರ್ಮ್ಸ್ ಕೊಳವೆಯ ಪಕ್ಕದಿಂದ ಏಳುತ್ತಿರಲಿಲ್ಲ. ಮಿನ್ನಾ ರೊಟ್ಟಿ, ಸಾಸೇಜು ಅಲ್ಲಿಗೇ ತಂದುಕೊಡುತ್ತಿದ್ದಳು. "ನಮ್ಮ ಮಗಳು ಹುಟ್ಟಿದಾಗಲೂ ಇಷ್ಟು ಕಾದಿರಲಿಲ್ಲ ಇವರು," ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಆ ಪ್ಲೇಟನ್ನು ತೊಳೆದಾಗ ಮೊದಲು ಏನೂ ಕಾಣಲಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ತೀರ ಮಸುಕಾಗಿ, ಉಸಿರು ತಾಗಿದ ಗಾಜಿನ ಮೇಲಿನ ಗುರುತಿನಷ್ಟು ಮಸುಕಾಗಿ, ಅದೇ ಉಂಗುರ.

ಹಾರ್ಮ್ಸ್ ಭೂತಗನ್ನಡಿ ತಂದು ಹತ್ತಿರದಿಂದ ನೋಡಿದರು. ತುಂಬ ಹೊತ್ತು ನೋಡಿದರು. "ಇದು ಗೆರೆಯಲ್ಲ. ಕಣ ಕಣ. ಒಂದೊಂದು ಕಣಾನೂ ಒಂದೊಂದು ಕಡೆ."

"ಹೌದು. ಪ್ರತಿಯೊಂದೂ ಪೂರ್ತಿಯಾಗಿ ಒಂದೇ ಕಡೆ ಬಿದ್ದಿದೆ."

"ಆದ್ರೂ ಎಲ್ಲ ಸೇರಿ ಉಂಗುರ."

"ಹೌದು."

"ಮೊದಲು ಹೋದದ್ದು ಎಲ್ಲಿ ಬಿತ್ತು ಅಂತ ಹಿಂದೆ ಬರೋದಕ್ಕೆ ಯಾರು ಹೇಳಿದ್ದು?"

ವೀಗಾಂಡ್ ಪ್ಲೇಟನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೊಮ್ಮೆ ಕಿಟಕಿಗೆ ಹಿಡಿದರು. ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದರು. "ಯಾರೂ ಹೇಳಿಲ್ಲ, ಹಾರ್ಮ್ಸ್. ನೀವೇ ನೋಡಿದ್ರಲ್ಲ."

ಅದನ್ನು ನಾವು ಯಾವ ಪತ್ರಿಕೆಗೂ ಕಳಿಸಲಿಲ್ಲ. ಕೊಳವೆ ಸೋರುತ್ತಿತ್ತು, ನಮ್ಮ ಅಳತೆಗಳನ್ನು ಯಾರೂ ನಂಬುವಂತಿರಲಿಲ್ಲ. ಆ ಶರತ್ಕಾಲದಲ್ಲೇ ನಾನು ಕಾಸೆಲ್‌ನ ಹೆಣ್ಣುಮಕ್ಕಳ ಶಾಲೆಗೆ ಅಧ್ಯಾಪಕಿಯಾಗಿ ಹೋದೆ. ಸಂಸ್ಥೆಯಲ್ಲಿ ನನ್ನಂಥವಳಿಗೆ ಮುಂದೆ ಜಾಗವಿರಲಿಲ್ಲ. ವೀಗಾಂಡ್ ಮರುವರ್ಷ ತೀರಿಕೊಂಡರು.

ಆದರೆ ಆ ಮಸುಕು ಉಂಗುರ ಕಂಡ ಮಧ್ಯಾಹ್ನ ಮೂವರೂ ಅಲ್ಲೇ ಇದ್ದೆವು. ಮಿನ್ನಾ ಮೇಲಿಂದ ಸೂಪು ಆರಿಹೋಗ್ತಿದೆ ಎಂದು ಕೂಗುತ್ತಿದ್ದಳು. ಹಾರ್ಮ್ಸ್ ಭೂತಗನ್ನಡಿ ಕೆಳಗಿಟ್ಟು ಕೊಳವೆಯ ಹತ್ತಿರ ಹೋದರು. ಪಂಪಿಗೆ ಕೊಳವೆ ಸೇರುವ ಜಾಗಕ್ಕೆ ಕಿವಿಯಿಟ್ಟು ಕೇಳಿ, ಕೇಳಿಸದೆ ನನ್ನನ್ನು ಕರೆದರು.

"ಬನ್ನಿ ಡಾಕ್ಟರಮ್ಮ, ಇಲ್ಲಿ ಬುಸ್ ಅಂತಿದೆಯಾ ನೋಡಿ. ಹಾಗಿದ್ರೆ ಇದನ್ನ ಬಿಗಿ ಮಾಡ್ತೀನಿ. ಪ್ರೊಫೆಸರ್ರೇ, ನೀವು ಊಟಕ್ಕೆ ಹೋಗಿ. ನಾವು ಇನ್ನೊಂದು ಪ್ಲೇಟು ಹಾಕಿ ಬರ್ತೀವಿ."

ವೀಗಾಂಡ್ ಊಟಕ್ಕೆ ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಅಲ್ಲೇ ಕೂತರು.